ಪರಧರ್ಮದ ಗುಡಿಯಲ್ಲಿ ಪ್ರವಾಸಿ

ಇಟಲಿಯಲ್ಲಿ ನೋಡಬೇಕಾದ ಜಾಗಗಳ ಪಟ್ಟಿ ಹಿಡಿದರೆ ಅದರಲ್ಲಿ ಚರ್ಚುಗಳದ್ದೇ ದೊಡ್ಡ ಪಾಲು. ರೋಮಿನ ಸೇಂಟ್ ಪೀಟರ್ಸ್, ವೆನಿಸ್ಸಿನ ಸೇಂಟ್ ಮಾರ್ಕ್ಸ್, ಫ್ಲಾರೆನ್ಸಿನ ದೊಡ್ಡ ಗುಮ್ಮಟದ ಚರ್ಚು, ಅಸ್ಸೀಸಿಯ ಸಂತ ಫ್ರಾನ್ಸಿಸ್ ಚರ್ಚು, ಎಲ್ಲವೂ ಇಂದಿಗೂ ಪ್ರಾರ್ಥನೆ ನಡೆಯುವ ಸ್ಥಳಗಳು. ಕ್ರಿ.ಶ. 125ರ ಸುಮಾರಿಗೆ ರೋಮನ್ ದೇವತೆಗಳಿಗಾಗಿ ಕಟ್ಟಿದ ಪ್ಯಾಂಥಿಯನ್ ಸಹ 609ರಿಂದ ಚರ್ಚೇ ಆಗಿದೆ. ಆ ದೇವರಿಗೆ ನಡೆದುಕೊಳ್ಳದವರು ಒಳಗೆ ಹೋಗಿ ನೋಡಿ ಬರುವುದಕ್ಕೆ ಏನರ್ಥ? ಅದು ಯಾತ್ರೆಯಲ್ಲ. ಬರೀ ಕಟ್ಟಡ ನೋಡುವುದು ಎನ್ನೋಣವೆಂದರೆ, ಪಕ್ಕದಲ್ಲೇ ಒಬ್ಬರು ಮೊಣಕಾಲೂರಿ ಬೇಡಿಕೊಳ್ಳುತ್ತಿರುತ್ತಾರೆ.

ಬೀದರ್ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಗಡಿ ತಾಲೂಕಾದ ಔರಾದಿನ ಎಕಂಬಾ ಸುತ್ತಿನವರಿಗೆ ಆಷಾಢದ ಪಂಢರಪುರದ ದಿಂಡಿ ಗೊತ್ತು, ನಾಂದೇಡಿನ ಗುರುದ್ವಾರ ಗೊತ್ತು, ಭಾಲ್ಕಿ ತಾಲೂಕಿನ ಮೈಲಾರ ಮಲ್ಲಣ್ಣನ ಜಾತ್ರೆಯೂ ಗೊತ್ತು. ಬೀದರಿನ ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ ಊಟಕ್ಕೆ ಕೂತವರ ಜಾತಿ ಮತ ಯಾರೂ ಕೇಳುವುದಿಲ್ಲ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗೋರಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ; ಅಲ್ಲಿಯ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಲಿಂಗಾಯತ ಜಂಗಮರು ಬರುವ ಪದ್ಧತಿಯಿದೆ. ಪರರ ಪವಿತ್ರ ಜಾಗದಲ್ಲಿ ಹೇಗಿರಬೇಕೆಂಬುದನ್ನು ಇಲ್ಲಿಯ ಜನ ಗ್ರಂಥ ಓದಿ ಕಲಿತದ್ದಲ್ಲ, ಹೋಗಿ ಬಂದು ಕಲಿತದ್ದು.

ಆದರೆ ಇದೇ ನೆಲದಲ್ಲಿ ಅದಕ್ಕೆ ಎದುರಾದ ಮಾತೂ ಹುಟ್ಟಿದೆ. 12ನೇ ಶತಮಾನದ ಕಲ್ಯಾಣದ ಶರಣರು ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು, ಗುಡಿ ಸುತ್ತುವುದರಿಂದ, ತೀರ್ಥದಲ್ಲಿ ಮುಳುಗುವುದರಿಂದ ಪುಣ್ಯ ಬರುತ್ತದೆಂಬ ನಂಬಿಕೆಯನ್ನು ತಿರಸ್ಕರಿಸಿದರು. ತಮ್ಮ ಊರ ಗುಡಿಗೇ ಹೋಗಬೇಕಿಲ್ಲದವರು ಪರದೇಶದ ಚರ್ಚಿಗೆ ಯಾಕೆ ಹೋಗಬೇಕು ಎಂದು ಈ ಪರಂಪರೆಯವರು ಕೇಳಿದರೆ ತಪ್ಪಲ್ಲ. ಆದರೆ ಶರಣರು ಒಪ್ಪದೆ ಹೋದದ್ದು ಕಲ್ಲಿಗೆ ಕೊಟ್ಟ ಹಿರಿಮೆಯನ್ನು, ಕಾಲ್ನಡಿಗೆಯನ್ನಲ್ಲ. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ ನಡೆದು ಬಂದಳು. ಅಲ್ಲಮ ಊರೂರು ತಿರುಗಿದ. ಅವರು ಹುಡುಕಿದ್ದು ನಡೆನುಡಿ ಒಂದಾದ ಮನುಷ್ಯರನ್ನು. ಸ್ಥಾವರದ ಮುಂದೆ ನಿಂತಾಗಲೂ ಜಂಗಮವನ್ನೇ ಅರಸುವ ಈ ದೃಷ್ಟಿ ಪ್ರವಾಸಿಗೂ ಸಲ್ಲುತ್ತದೆ. ಚರ್ಚಿನ ಗೋಡೆಗಿಂತ ಮೊದಲು ಅದರೊಳಗೆ ಬಂದು ಕೂತವರು ಕಣ್ಣಿಗೆ ಬೀಳಬೇಕು.

ಬೀದರಿಗೆ ಬಂದ ಒಬ್ಬ ಯುರೋಪಿಯನ್ನನ ಬದುಕು ಇದಕ್ಕೆ ಒಳ್ಳೆಯ ನಿದರ್ಶನ. ರಷ್ಯಾದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ 15ನೇ ಶತಮಾನದ ಉತ್ತರಾರ್ಧದಲ್ಲಿ, ಮಹಮೂದ್ ಗವಾನ್ ಮಂತ್ರಿಯಾಗಿದ್ದಾಗ, ಬೀದರಿನಲ್ಲಿದ್ದ. ದಾರಿಯ ದರೋಡೆಯಲ್ಲಿ ಧರ್ಮಗ್ರಂಥಗಳು ಹೋಗಿ, ತನ್ನ ಉಪವಾಸ, ಹಬ್ಬಗಳು ಯಾವ ದಿನ ಬರುತ್ತವೆಂಬುದೂ ತಿಳಿಯದಾಯಿತೆಂದು ಅವನು ಸಂಕಟಪಟ್ಟು ಬರೆದಿದ್ದಾನೆ. ಇಲ್ಲಿಯ ಹಿಂದೂಗಳಿಗೆ ಅವನು ತಾನು ಮುಸ್ಲಿಮನಲ್ಲ, ಕ್ರೈಸ್ತ ಎಂದು ತಿಳಿಸಿದ. ಆಮೇಲೆ ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ಅವನಿಂದ ಮುಚ್ಚಿಡಲಿಲ್ಲ. ಅವರ ಜೊತೆ ಶಿವರಾತ್ರಿಗೆ ‘ಪರ್ವತ’ಕ್ಕೂ ಹೋದ, ಅದನ್ನು ವಿದ್ವಾಂಸರು ಶ್ರೀಶೈಲವೆಂದು ಗುರುತಿಸುತ್ತಾರೆ. ಅಲ್ಲಿ ಕೈಯೆತ್ತಿ ನಿಂತ ವಿಗ್ರಹ ಕಂಡಾಗ ಅವನಿಗೆ ನೆನಪಾದದ್ದು ಕಾನ್‌ಸ್ಟಾಂಟಿನೋಪಲ್ಲಿನ ಜಸ್ಟಿನಿಯನ್ ಚಕ್ರವರ್ತಿಯ ಪ್ರತಿಮೆ. ಆ ಹಿಂದೂಗಳಿಂದ ತನ್ನ ನಂಬಿಕೆಯನ್ನು ಬಚ್ಚಿಡದೆ, ಪರರ ಹಬ್ಬವನ್ನು ಹೀನಾಯ ಮಾಡದೆ ನೋಡಿದವನು ನಿಕಿತಿನ್. ಪರಧರ್ಮದ ಜಾಗಕ್ಕೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಸಿಗುವುದು ಕಷ್ಟ.

ಇಟಲಿಯಲ್ಲಿ ಕಲ್ಯಾಣದ ನಾಡಿನವರು ತಪ್ಪಿಸಬಾರದ ಊರು ಅಸ್ಸೀಸಿ. ಬಟ್ಟೆ ವ್ಯಾಪಾರಿಯ ಮಗ ಫ್ರಾನ್ಸಿಸ್ ಆಸ್ತಿಯನ್ನೆಲ್ಲ ತೊರೆದು ಕುಷ್ಠರೋಗಿಗಳ ಸೇವೆಗೆ ನಿಂತವನು. ಪಾಳುಬಿದ್ದಿದ್ದ ಪೋರ್ಸಿಯುಂಕೊಲಾ ಎಂಬ ಪುಟ್ಟ ಪ್ರಾರ್ಥನಾಗೃಹವನ್ನು ತಾನೇ ದುರಸ್ತಿ ಮಾಡಿದ. 1226ರಲ್ಲಿ ಅದರ ಸಮೀಪದಲ್ಲೇ ಸತ್ತ. ಎರಡೇ ವರ್ಷಕ್ಕೆ, 1228ರಲ್ಲಿ, ಪೋಪ್ ಒಂಬತ್ತನೇ ಗ್ರೆಗರಿ ಅವನ ಹೆಸರಿನ ಭವ್ಯ ಚರ್ಚಿಗೆ ಅಡಿಗಲ್ಲು ಹಾಕಿದರು. ಊರ ಕೆಳಗಿನ ಬಯಲಿನಲ್ಲಿರುವ ಪೋರ್ಸಿಯುಂಕೊಲಾದ ಮೇಲೂ ಮುಂದೆ ಒಂದು ಬೃಹತ್ ಚರ್ಚು ಎದ್ದಿತು; ಇಂದು ಆ ಪುಟ್ಟ ಗೃಹ ದೊಡ್ಡ ಚರ್ಚಿನ ಒಳಗೇ ಇದೆ. ಬಡತನವನ್ನೇ ಮೆಚ್ಚಿದವನಿಗೆ ಇಷ್ಟೊಂದು ಕಲ್ಲೇಕೆ ಎಂಬ ಪ್ರಶ್ನೆ ಅಲ್ಲಿ ಏಳದೆ ಇರದು. ಬಸವಕಲ್ಯಾಣದಲ್ಲಿ ಬಸವಣ್ಣನ 108 ಅಡಿ ಎತ್ತರದ ಪ್ರತಿಮೆ ಕಂಡವರಿಗೆ ಅದು ತಮ್ಮ ಮನೆಯ ಪ್ರಶ್ನೆಯೂ ಹೌದು. ಭಕ್ತರು ಪ್ರೀತಿಯಿಂದ ಕಟ್ಟಿದ್ದನ್ನು ಕೀಳುಗಳೆಯಬೇಕಿಲ್ಲ. ಗುರು ಹೇಳಿದ್ದನ್ನು ಆ ಎತ್ತರ ಮರೆಸಿದರೆ ಮಾತ್ರ ತೊಂದರೆ.

ಪ್ರವಾಸದ ಯೋಜನೆಯಲ್ಲಿ ಈ ವಿಚಾರದಿಂದ ಮೊದಲು ಬದಲಾಗಬೇಕಾದದ್ದು ದಿನಗಳ ಹಂಚಿಕೆ. ಷೆಂಗೆನ್ ವೀಸಾದ ಮೇಲೆ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಆದರೂ ಹೈದರಾಬಾದಿನಿಂದ ವಿಮಾನ ಹತ್ತುವ ಕುಟುಂಬಗಳ ಕೈಯಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ವಾರ. ಅಷ್ಟರಲ್ಲಿ ಐದಾರು ದೇಶ ಮುಗಿಸುವುದಕ್ಕಿಂತ ಎರಡು ಮೂರು ಊರಲ್ಲಿ ನಿಲ್ಲುವುದು ಮೇಲು. ಮುಂದಿನದು ಅಲ್ಲಿಯ ಕಟ್ಟುಪಾಡು. ಸೇಂಟ್ ಪೀಟರ್ಸ್‌ನಲ್ಲಿ ಭುಜ, ಮೊಣಕಾಲು ಮುಚ್ಚುವ ಉಡುಪಿಲ್ಲದವರನ್ನು ಒಳಗೆ ಬಿಡುವುದಿಲ್ಲ. ಮೈಕೆಲೆಂಜೆಲೊ 1508ರಿಂದ 1512ರವರೆಗೆ ಛಾವಣಿಗೆ ಚಿತ್ರ ಬರೆದ ಸಿಸ್ಟೀನ್ ಚಾಪೆಲ್ಲಿನಲ್ಲಿ ಫೋಟೊ ತೆಗೆಯುವಂತಿಲ್ಲ, ಮಾತಾಡುವಂತಿಲ್ಲ. ದರ್ಗಾದಲ್ಲಿ ತಲೆಗೆ ಬಟ್ಟೆ ಹಾಕಿಕೊಂಡು ರೂಢಿಯಿದ್ದವರಿಗೆ ಇದು ಹೊರೆಯಾಗದು.

ಪೂಜೆಯ ಹೊತ್ತಿನಲ್ಲಿ ಎಷ್ಟು ದೂರ ಪಾಲುಗೊಳ್ಳಬೇಕೆಂಬುದು ಕೊನೆಯ, ಕಠಿಣವಾದ ಪ್ರಶ್ನೆ. ಹಿಂದಿನ ಸಾಲಿನಲ್ಲಿ ಕೂತು ಕೇಳುವುದಕ್ಕೆ ಅಡ್ಡಿಯಿಲ್ಲ. ಪೂಜೆಯಲ್ಲಿ ಹಂಚುವ ಪರಮಪ್ರಸಾದ ಮಾತ್ರ ಲಂಗರಿನ ಊಟದ ಹಾಗೆ ಬಂದವರಿಗೆಲ್ಲ ಬಡಿಸುವಂಥದ್ದಲ್ಲ. ಅದು ದೀಕ್ಷಾಸ್ನಾನ ಪಡೆದ ಕ್ಯಾಥೊಲಿಕರಿಗೆ ಮೀಸಲು. ಕೌತುಕಕ್ಕೆಂದು ಸಾಲಿನಲ್ಲಿ ನಿಂತು ಅದನ್ನು ತೆಗೆದುಕೊಂಡರೆ ಅವರ ನಂಬಿಕೆಗೂ ತನ್ನ ನಂಬಿಕೆಗೂ ಅಪಚಾರ. ಮೇಣದಬತ್ತಿ ಹಚ್ಚುವುದಕ್ಕೆ ಅಂಥ ಕಟ್ಟಿಲ್ಲ, ಯಾರಾದರೂ ಹಚ್ಚಬಹುದು. ಇಷ್ಟಲಿಂಗದ ಏಕನಿಷ್ಠೆ ಹಿಡಿದವರು ಅದನ್ನೂ ಬೇಡವೆಂದರೆ ಅದು ಅಸಹನೆಯಲ್ಲ. ಕಾಯಿಲೆ ಬಿದ್ದ ಮಗುವಿಗೆಂದು ಮತ್ತೊಬ್ಬರು ಹಚ್ಚಿದರೆ ಅದು ನಿಷ್ಠೆಗೆಟ್ಟ ನಡೆಯೂ ಅಲ್ಲ.