ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಪಾವಗಡ, ಮಧುಗಿರಿ ಸೀಮೆಯ ಹಳೆಯ ಕುಳಗಳಿಗೆ ಈ ಗಾದೆಯನ್ನು ಬಿಡಿಸಿ ಹೇಳಬೇಕಿಲ್ಲ. ಕುಡುಗೋಲನ್ನು ಒಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ, ನಾಲ್ಕು ಜನ ದನವನ್ನು ಅದುಮಿ ಹಿಡಿದು, ಪಕ್ಕೆಯ ಮೇಲೆ ಚುರ್ ಎನ್ನುವಂತೆ ಗೆರೆ ಎಳೆಯುವುದು ಹಿಂದಿನ ನಾಟಿ ವೈದ್ಯ. ಗಾಯವೇನೋ ಮಾಯುತ್ತದೆ, ಆ ಜಾಗದಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ. ಸಂತೆಗೆ ಹೊಡೆದುಕೊಂಡು ಹೋದರೆ ಕೊಳ್ಳುವವನ ಕಣ್ಣು ಮೊದಲು ಬೀಳುವುದು ಅಲ್ಲಿಗೇ: ‘ಇದಕ್ಕೇನಾಗಿತ್ತು?’

ಈ ಗಾದೆಯನ್ನು ಎಮ್ಮೆಯ ಕಡೆಯಿಂದ ಹೇಳಿ ಮುಗಿಸುವುದು ರೂಢಿ. ಪಾವಗಡದ ಮಟ್ಟಿಗೆ ಎತ್ತಿನ ಜ್ವರದಿಂದ ಶುರುಮಾಡದಿದ್ದರೆ ಅನ್ಯಾಯವಾದೀತು. ಅಲ್ಲಿನ ನಕ್ಸಲ್ ಜ್ವರ ಸುಳ್ಳಾಗಿರಲಿಲ್ಲ. 2005ರ ಫೆಬ್ರುವರಿ 6ರಂದು ಚಿಕ್ಕಮಗಳೂರಿನ ಕಾಡಿನಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತರು. ನಾಲ್ಕೇ ದಿನಕ್ಕೆ, 10ರ ರಾತ್ರಿ, ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಶಾಲೆಯ ಕಟ್ಟಡದಲ್ಲಿ ತಂಗಿದ್ದ ಕೆಎಸ್‌ಆರ್‌ಪಿ ಪೊಲೀಸರ ಮೇಲೆ ನಕ್ಸಲರು ಮುಗಿಬಿದ್ದರು. ಸತ್ತ ಪೊಲೀಸರು ಹೊಟ್ಟೆಪಾಡಿಗೆ ಖಾಕಿ ತೊಟ್ಟ ಬಡವರ ಮಕ್ಕಳು. ಜೊತೆಗೊಬ್ಬ ನಾಗರಿಕನೂ ಪ್ರಾಣ ಬಿಟ್ಟ. ಇವರನ್ನು ಮರೆತು ನಾಗರಿಕ ಹಕ್ಕಿನ ಮಾತಾಡುವವರ ಮಾತು ಪಾವಗಡದಲ್ಲಿ ಯಾರ ಕಿವಿಗೂ ಹೋಗುವುದಿಲ್ಲ, ಹೋಗಲೂಬಾರದು.

ಆ ಪ್ರಕರಣ ಮಾತ್ರ ವರ್ಷಗಟ್ಟಲೆ ಎಳೆಯಿತು. 2019ರ ಜುಲೈನಲ್ಲಿ, ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಪುಣೆಯ ಯೆರವಡಾ ಜೈಲಿನಲ್ಲಿದ್ದ ತೆಲುಗು ಕವಿ ವರವರ ರಾವ್ ಅವರನ್ನು ಹದಿನಾಲ್ಕು ವರ್ಷ ಹಿಂದಿನ ಈ ದಾಳಿಯ ಆರೋಪಿಯೆಂದು ಪಾವಗಡಕ್ಕೆ ಕರೆತಂದರು. ಅವರಿಗಾಗ 78 ವರ್ಷ. ಅವರ ರಾಜಕೀಯದ ಬಗ್ಗೆ ನನಗೆ ತಕರಾರುಗಳಿವೆ, ಅದು ಬೇರೆ ಮಾತು. ಮಗನನ್ನು ಕಳೆದುಕೊಂಡ ಪೊಲೀಸ್ ಕುಟುಂಬಕ್ಕೆ ಹದಿನಾಲ್ಕು ವರ್ಷದ ಮೇಲೆ ಹೀಗೆ ಹೊಸದಾಗಿ ಶುರುವಾಗುವ ಓಡಾಟದಿಂದ ಏನು ಸಮಾಧಾನ ಸಿಕ್ಕೀತು?

ಎಮ್ಮೆಯೇ ಯಾಕೆ? ಅದು ಕೊಟ್ಟಿಗೆಯಲ್ಲಿ ಕೈಗೆ ಸಿಗುವಂತಿದೆ, ಹಾಯುವುದಿಲ್ಲ. ಕಾಡಿನಲ್ಲಿರುವವನು ಸಿಗದಿದ್ದಾಗ ಊರಿನಲ್ಲಿರುವವನು ಸಿಗುತ್ತಾನೆ. ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನಲ್ಲಿ 2012ರ ಮಾರ್ಚ್‌ನಲ್ಲಿ ಆದದ್ದು ಇದೇ. ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿ ಮತ್ತು ಅವನ ತಂದೆಯನ್ನು ನಕ್ಸಲರಿಗೆ ನೆರವಾದರೆಂದು ಹಿಡಿದು, ರಾಜದ್ರೋಹದ ಜೊತೆಗೆ ಭಯೋತ್ಪಾದನೆ ತಡೆಯ ಕಾನೂನಾದ ಯುಎಪಿಎಯನ್ನೂ ಹೇರಿದರು. ಸಿಕ್ಕಿದ ‘ಸಾಕ್ಷ್ಯ’ದಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವಿತ್ತು, ಪತ್ರಿಕೆಯ ತುಣುಕುಗಳಿದ್ದವು, ಊರಿಗೆ ಮೂಲಸೌಕರ್ಯ ಕೊಡುವವರೆಗೆ ಚುನಾವಣೆ ಬಹಿಷ್ಕರಿಸೋಣ ಎನ್ನುವ ಪತ್ರವಿತ್ತು. ಮತ ಹಾಕುವುದಿಲ್ಲ ಎಂಬ ಬೆದರಿಕೆಯನ್ನು ನಮ್ಮ ಯಾವ ಹಳ್ಳಿಯವರು ಒಮ್ಮೆಯಾದರೂ ಹಾಕಿಲ್ಲ ಹೇಳಿ! ಬೇಸಿಗೆಯಲ್ಲಿ ನೀರಿಗಾಗಿ ಖಾಲಿ ಕೊಡ ಹಿಡಿದು ಪಾವಗಡದ ರಸ್ತೆಗೆ ಕೂತವರನ್ನೂ ಆ ಲೆಕ್ಕದಲ್ಲಿ ಹಿಡಿಯಬಹುದಿತ್ತು. ಮಂಗಳೂರಿನ ನ್ಯಾಯಾಲಯ ತಂದೆ, ಮಗ ಇಬ್ಬರನ್ನೂ ಖುಲಾಸೆ ಮಾಡಿದ್ದು 2021ರ ಅಕ್ಟೋಬರ್‌ನಲ್ಲಿ. ಪುಸ್ತಕ ಇಟ್ಟುಕೊಳ್ಳುವುದು ಅಪರಾಧವಲ್ಲ ಎಂದು ಹೇಳಿಸಿಕೊಳ್ಳಲು ಒಂಬತ್ತು ವರ್ಷ ಬೇಕಾಯಿತು.

ಇನ್ನೂ ಹಿಂದೆ ಹೋದರೆ ಅಂಥದೇ ಕಾನೂನು ಟಾಡಾ. ಕಾಡುಗಳ್ಳ ವೀರಪ್ಪನ್ ಸಿಗಲಿಲ್ಲ, ಮಲೆಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಯವರು ಸಿಕ್ಕರು. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನೇ ಸಾಕ್ಷ್ಯವೆಂದು ಒಪ್ಪುವ ಕಾನೂನು ಅದು. ಸಂಸತ್ತು ಮುಂದುವರಿಸದೆ 1995ರಲ್ಲಿ ಅದು ತೀರಿಕೊಂಡರೂ ಅದರಡಿ ಹಿಡಿದವರು ಒಳಗೇ ಉಳಿದರು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ 14 ಮಂದಿ ತಪ್ಪಿತಸ್ಥರೆನಿಸಿದರು. ನೂರಕ್ಕೂ ಹೆಚ್ಚು ಜನರ ಮೇಲಿನ ಆರೋಪ ನಿಲ್ಲಲಿಲ್ಲ. ಕೆಲವರು ಆ ಹೊತ್ತಿಗೆ ಎಂಟು ವರ್ಷ ಸೆರೆಯಲ್ಲಿ ಕಳೆದಿದ್ದರು.

ಟಾಡಾ ಹೋಗಿ 2002ರಲ್ಲಿ ಪೋಟಾ ಬಂತು. ಪೋಟಾ 2004ರಲ್ಲಿ ರದ್ದಾದಾಗ ಅದರ ಸಾರವನ್ನು 1967ರ ಯುಎಪಿಎಯೊಳಗೆ ಸುರಿದರು. ಮುಂಬೈ ದಾಳಿಯ ಬೆನ್ನಿಗೆ, 2008ರಲ್ಲಿ, ಜಾಮೀನಿನ ಬಾಗಿಲನ್ನು ಇನ್ನಷ್ಟು ಬಿಗಿ ಮಾಡಿದರು. ಸಾಮಾನ್ಯ ಕಾನೂನಿನಲ್ಲಿ ಪೊಲೀಸರು 60 ಅಥವಾ 90 ದಿನದೊಳಗೆ ಆರೋಪಪಟ್ಟಿ ಹಾಕಬೇಕು, ಇಲ್ಲಿ 180 ದಿನದವರೆಗೂ ಎಳೆಯಬಹುದು. ಪೊಲೀಸರ ಕಾಗದ ಓದಿದ ಮೇಲೆ ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ನ್ಯಾಯಾಧೀಶರು ಜಾಮೀನು ಕೊಡುವಂತಿಲ್ಲ. ಬರೆದವರು ಪೊಲೀಸರು, ಓದುವುದೂ ಅವರು ಬರೆದದ್ದನ್ನೇ. ಹಾಗಾಗಿ ಇಲ್ಲಿ ಬರೆ ಬೀಳುವುದು ಶಿಕ್ಷೆಯಾದಾಗಲ್ಲ, ಎಫ್‌ಐಆರ್ ದಾಖಲಾದ ದಿನವೇ. ದೀರ್ಘಕಾಲ ವಿಚಾರಣೆ ನಡೆಯದಿದ್ದರೆ ಸಂವಿಧಾನದ ಹಕ್ಕಿನ ಮೇಲೆ ಜಾಮೀನು ಕೊಡಬಹುದು ಎಂದು 2021ರ ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯದೇ. ಆದರೆ ಆ ಆರೋಪಿ ಅಷ್ಟರಲ್ಲಾಗಲೇ ಐದು ವರ್ಷದಿಂದ ಜೈಲಿನಲ್ಲಿದ್ದ.

ಬರೆಯಿಂದ ಜ್ವರವಾದರೂ ಇಳಿಯುತ್ತದೆಯೇ? ಕೇಂದ್ರ ಸರ್ಕಾರವೇ ರಾಜ್ಯಸಭೆಗೆ ಕೊಟ್ಟ ಲೆಕ್ಕದಂತೆ 2016ರಿಂದ 2019ರವರೆಗೆ ಯುಎಪಿಎ ಅಡಿ ಬಂಧಿತರಾದವರು 5,922, ಶಿಕ್ಷೆಯಾದವರು 132. ಇತ್ತ ಕರ್ನಾಟಕದಲ್ಲಿ 2025ರ ಜನವರಿಯಲ್ಲಿ ಆರು ನಕ್ಸಲರು ಶರಣಾದದ್ದು ನಾಗರಿಕ ಸಮಾಜದವರ ಮಾತುಕತೆ ಮತ್ತು ಸರ್ಕಾರದ ಶರಣಾಗತಿ ನೀತಿಯಿಂದ.

ಇಂಥ ಕಾನೂನೇ ಬೇಡ ಎಂದು ನಾನು ಹೇಳಲಾರೆ. ವೆಂಕಟಮ್ಮನಹಳ್ಳಿ ನನ್ನ ಬಾಯಿ ಕಟ್ಟುತ್ತದೆ. ತಪ್ಪಾಗಿ ಹಿಡಿದವರಿಗೆ ಉತ್ತರ ಕೊಡುವ ಹೊಣೆ ಯಾರದ್ದೆಂದು ಮಾತ್ರ ಕೇಳಲೇಬೇಕು. ಸುಳ್ಳು ಮೊಕದ್ದಮೆಯಲ್ಲಿ ವರ್ಷ ಕಳೆದುಕೊಂಡವರಿಗೆ ಸರ್ಕಾರವೇ ಪರಿಹಾರ ಕೊಡುವ ಕಾನೂನು ಬೇಕೆಂದು ಕೇಂದ್ರ ಕಾನೂನು ಆಯೋಗ 2018ರ ಆಗಸ್ಟ್‌ನಲ್ಲಿ ತನ್ನ 277ನೇ ವರದಿ ಕೊಟ್ಟಿತು. 2023ರಲ್ಲಿ ದಂಡಸಂಹಿತೆಯನ್ನೂ ದಂಡಪ್ರಕ್ರಿಯಾ ಸಂಹಿತೆಯನ್ನೂ ಹೊಸದಾಗಿ ಬರೆದಾಗಲೂ ಸಂಸತ್ತು ಆ ಶಿಫಾರಸನ್ನು ಜಾರಿಗೆ ತರಲಿಲ್ಲ.