ಅವಳಿಗೊಂದು ಅರ್ಧ ಗಂಟೆ

ತೊಟ್ಟಿಲು ಶಾಸ್ತ್ರಕ್ಕೆ ಬಂದವರು ಮಗು ಯಾರ ಹಾಗಿದೆ ಎಂದು ತೀರ್ಮಾನಿಸಿದ ಮೇಲೆ ಬಾಣಂತಿಯ ಕಡೆ ತಿರುಗುತ್ತಾರೆ. ‘ಹೊಟ್ಟೆ ಇನ್ನೂ ಇಳಿದೇ ಇಲ್ವಲ್ಲೇ, ಬಟ್ಟೆ ಸರಿಯಾಗಿ ಕಟ್ಟಿಸ್ಕೊಳ್ತಿದೀಯೋ ಇಲ್ವೋ?’ ಹೆತ್ತು ಎರಡು ವಾರವೂ ಆಗಿರುವುದಿಲ್ಲ. ಫೋನ್ ತೆರೆದರೆ ಅಲ್ಲಿ ಎರಡೇ ತಿಂಗಳಿಗೆ ಹಳೆಯ ಜೀನ್ಸ್ ತೊಟ್ಟು ನಿಂತ ತಾರೆ. ಅಜ್ಜಿಯ ಮಾತಿಗೂ ಇವತ್ತಿನ ರೀಲ್ಸಿಗೂ ಅಳತೆಗೋಲು ಒಂದೇ: ಹೊಟ್ಟೆ.

ಮೈಯೊಳಗಿನ ಲೆಕ್ಕ ಬೇರೆ. ಹೆರಿಗೆಯಾದಾಗ ಸುಮಾರು 1 ಕಿಲೋ ತೂಗುವ ಗರ್ಭಕೋಶ ಆರು ವಾರಗಳಲ್ಲಿ 100 ಗ್ರಾಂನಷ್ಟಕ್ಕೆ ಕುಗ್ಗುತ್ತದೆ. ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಜೋಲಿಯಂತೆ ಎತ್ತಿಹಿಡಿಯುವ ಸ್ನಾಯುಗಳು ಒಂಬತ್ತು ತಿಂಗಳ ಭಾರಕ್ಕೆ ಜಗ್ಗಿರುತ್ತವೆ. ಹೊಟ್ಟೆಯ ಎಡಬಲದ ಸ್ನಾಯುಗಳು ನಡುವೆ ದೂರ ಸರಿದಿರುತ್ತವೆ. ಇವು ಎಲ್ಲರಲ್ಲೂ ತಾವಾಗಿ ಸರಿಹೋಗುವುದಿಲ್ಲ. ಬಿಗಿದು ಕಟ್ಟಿದ ಹಳೇ ಸೀರೆ ಸೊಂಟಕ್ಕೆ ಹಿತವೆನಿಸೀತು, ಸ್ನಾಯುವಿಗೆ ಬಲ ಬರುವುದು ಅದು ತಾನೇ ದುಡಿದಾಗ.

ನಮ್ಮ ಹಿರಿಯರ ಬಾಣಂತನ ಸಣ್ಣ ಸಂಗತಿಯಲ್ಲ. ಎಣ್ಣೆ ನೀರು, ಅಂಟಿನುಂಡೆ, ಅಳವಿ ಪಾಯಸ, ತವರಿನಲ್ಲಿ ಮೂರು ತಿಂಗಳು. ಹೆತ್ತವಳಿಗೆ ವಿಶ್ರಾಂತಿ ಬೇಕೆಂದು ಯಾರೂ ವಾದ ಮಾಡಬೇಕಾಗಿರಲಿಲ್ಲ. ಆದರೆ ಮಂಚ ಬಿಟ್ಟು ಇಳಿಯಬೇಡವೆಂಬ ಕಟ್ಟಳೆಯೂ ಅದರ ಜೊತೆಗೇ ಬಂತು. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ವೈದ್ಯರು ಬೇಗನೆ ನಾಲ್ಕು ಹೆಜ್ಜೆ ನಡೆಸುತ್ತಾರೆ. ಮನೆಗೆ ಬಂದೊಡನೆ ಆ ನಡಿಗೆ ನಿಂತುಹೋಗುತ್ತದೆ.

ಹೊಟ್ಟೆಯ ಬಗ್ಗೆ ಅಷ್ಟು ಕೇಳುವವರು ‘ಕೆಮ್ಮಿದರೆ, ಸೀನಿದರೆ ಮೂತ್ರ ಸೋರುತ್ತದಾ?’ ಎಂದು ಕೇಳುವುದಿಲ್ಲ. ಅವಳೂ ಬಾಯಿಬಿಡುವುದಿಲ್ಲ. ಸೀನು ಬಂದರೆ ತೊಡೆ ಬಿಗಿಹಿಡಿದು ನಿಲ್ಲುತ್ತಾಳೆ, ಬಸ್ ಹತ್ತುವ ಮುಂಚೆ ಅವಸರವಿಲ್ಲದಿದ್ದರೂ ಒಮ್ಮೆ ಹೋಗಿ ಬರುತ್ತಾಳೆ, ‘ಹೆತ್ತ ಮೇಲೆ ಇದೆಲ್ಲ ಇದ್ದದ್ದೇ’ ಎಂದು ವರ್ಷಗಟ್ಟಲೆ ಸಹಿಸುತ್ತಾಳೆ. ಇದಕ್ಕೆ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ 1948ರಲ್ಲೇ ದಾರಿ ತೋರಿಸಿದ್ದರು. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಉಸಿರು ಕಟ್ಟದೆ ಮೇಲಕ್ಕೆಳೆದು, ಐದು ಎಣಿಸಿ, ಅಷ್ಟೇ ನಿಧಾನಕ್ಕೆ ಸಡಿಲ ಬಿಡುವುದು. ಮಗುವಿಗೆ ಹಾಲೂಡಿಸುತ್ತಲೇ ಮಾಡಬಹುದು, ಪಕ್ಕದಲ್ಲಿ ಕೂತವರಿಗೂ ತಿಳಿಯುವುದಿಲ್ಲ.

ಅಲ್ಲಿಂದ ಮುಂದಿನದು ಮೆಟ್ಟಿಲು ಮೆಟ್ಟಿಲಾಗಿ. ಹಾಸಿಗೆಯಿಂದ ನೆಟ್ಟಗೆ ಎದ್ದು ಕೂರದೆ ಮಗ್ಗುಲಾಗಿ, ಕೈಯೂರಿ ಏಳುವುದು. ಅಂಗಳದಲ್ಲಿ ನಡಿಗೆ, ಆಮೇಲೆ ಬೀದಿಯ ಕೊನೆತನಕ. ಸಿಸೇರಿಯನ್ ಆಗಿದ್ದರೆ ಒಳಗಿನ ಪದರಗಳೂ ಮಾಯಬೇಕು, ವೈದ್ಯರ ಒಪ್ಪಿಗೆ ಬೇಕು. ಓಟ, ಜಿಗಿತಗಳಿಗೆ ಕನಿಷ್ಠ ಮೂರು ತಿಂಗಳು ಕಾಯಿರಿ ಎನ್ನುತ್ತಾರೆ ಫಿಸಿಯೋಥೆರಪಿಸ್ಟರು. ರಕ್ತಸ್ರಾವ ಮತ್ತೆ ಹೆಚ್ಚಿದರೆ, ಕೆಳಗೆ ಏನೋ ಜೋತುಬಿದ್ದಂತೆ ಭಾರವೆನಿಸಿದರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಈ ಮಾತು ಬಂದಾಗ ಬಾಕ್ಸರ್ ಮೇರಿ ಕೋಮ್ ಅವರ ಉದಾಹರಣೆ ತಪ್ಪದೆ ಬರುತ್ತದೆ. 2007ರಲ್ಲಿ ಅವಳಿ ಮಕ್ಕಳು, 2008ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಚಿನ್ನ. ಈ ಎರಡರ ನಡುವೆ ಒಂದು ವರ್ಷಕ್ಕೂ ಹೆಚ್ಚು ಕಾಲವಿತ್ತು, ಅವರು ಅಭ್ಯಾಸಕ್ಕೆ ಹೋದಾಗ ಮನೆ, ಮಕ್ಕಳನ್ನು ಗಂಡ ನೋಡಿಕೊಳ್ಳುತ್ತಿದ್ದರು. ಚಿನ್ನದ ಕತೆ ಹೇಳುವವರು ಇದನ್ನೂ ಹೇಳಬೇಕು. ವ್ಯಾಯಾಮದ ಪಟ್ಟಿಯನ್ನು ಆಸ್ಪತ್ರೆ ಕೊಟ್ಟೀತು. ಅದನ್ನು ಮಾಡಲು ಬೇಕಾದ ದಿನದ ಅರ್ಧ ಗಂಟೆಯನ್ನು, ಮಗುವನ್ನು ಕೈಗೆತ್ತಿಕೊಂಡು, ಮನೆಯವರೇ ಕೊಡಬೇಕು.