ಅನ್ಯರ ಜಯದಲ್ಲಿ ನೋಡುಗನ ಪಾಲು

ಆಡುವವನು ಒಬ್ಬ, ನೋಡುವವನು ಮತ್ತೊಬ್ಬ. ಆಡಿದವನ ಬೆವರಿಗೆ ಫಲವುಂಟು. ಕುಳಿತು ನೋಡಿದವನ ಹರ್ಷಕ್ಕೂ ವಿಷಾದಕ್ಕೂ ಫಲವುಂಟೆ? ಮೇಲ್ನೋಟಕ್ಕೆ ಈ ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಆದರೆ ಕ್ರಿಯೆಯನ್ನು ಕೃತ, ಕಾರಿತ, ಅನುಮೋದಿತವೆಂದು ವಿಂಗಡಿಸಿ, ಮಾಡಿದವನೊಡನೆ ಮಾಡಿಸಿದವನನ್ನೂ ಮೆಚ್ಚಿದವನನ್ನೂ ಹೊಣೆಗೆ ಗುರಿಪಡಿಸುವ ಪರಂಪರೆಯಲ್ಲಿ ಬೆಳೆದವರು ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಆಷಾಢವೆಂದರೆ ಬಿಡದ ಮಳೆ. ತುಂಗೆ ಕೆಂಪಾಗಿ ಹರಿಯುತ್ತಾಳೆ. ತೋಟದವರು ಅಡಿಕೆಗೆ ಔಷಧಿ ಹೊಡೆಯಲು ಹೊಳವಾಗುವುದನ್ನೇ ಕಾಯುತ್ತಾರೆ. ತ್ಯಾಗಿಗಳು ವಿಹಾರವನ್ನು ನಿಲ್ಲಿಸಿ ವರ್ಷಾಯೋಗವನ್ನು ಕೈಗೊಳ್ಳುತ್ತಾರೆ. ಅದೇ ಜುಲೈ ತಿಂಗಳಲ್ಲಿ ಫ್ರಾನ್ಸ್ ದೇಶದ ರಸ್ತೆಗಳಲ್ಲಿ 21 ಹಂತಗಳ, ಸುಮಾರು 3,400 ಕಿಲೋಮೀಟರು ದೂರದ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆ ನಡೆಯುತ್ತದೆ. ಮನೆಯಿಂದ ಹೊರಬೀಳಲಾಗದ ರಾತ್ರಿಗಳಲ್ಲಿ ಮಲೆನಾಡಿನ ತರುಣನೊಬ್ಬ ಅದನ್ನು ತೆರೆಯ ಮೇಲೆ ನೋಡುತ್ತ ಕುಳಿತರೆ ಆಶ್ಚರ್ಯವಿಲ್ಲ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಬಸ್ಸೇ ಏದುಸಿರು ಬಿಡುವುದನ್ನು ಬಲ್ಲವನಿಗೆ, ಆಲ್ಪ್ಸ್ ಪರ್ವತದ ಆಲ್ಪ್ ದ್ಯುಯೇಜಿನ 21 ತಿರುವುಗಳನ್ನು ಕಾಲಬಲದಿಂದಲೇ ಏರುವವರ ಶ್ರಮವನ್ನು ಯಾರೂ ವಿವರಿಸಬೇಕಾಗಿಲ್ಲ.

ಈ ಕ್ರೀಡೆ ಕನ್ನಡ ನಾಡಿಗೆ ಹೊರಗಿನದೂ ಅಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ದಶಕಗಳಿಂದ ಸೈಕಲ್ ಪಟುಗಳ ತವರಾಗಿವೆ. ಅಲ್ಲಿನ ಕ್ರೀಡಾ ವಸತಿ ನಿಲಯಗಳಲ್ಲಿ ಬಡ ರೈತರ ಮಕ್ಕಳು ಪಳಗಿ ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ಬೆಂಗಳೂರಿನ ನವೀನ್ ಜಾನ್ ಏಕಾಂಗಿಯಾಗಿ ಕಾಲದೊಡನೆ ಸೆಣಸುವ ವಿಭಾಗದಲ್ಲಿ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆದವರು, ವಿದೇಶಿ ಸ್ಪರ್ಧೆಗಳಲ್ಲಿಯೂ ಪಾಲ್ಗೊಂಡವರು.

ರಸ್ತೆಯ ಸೈಕಲ್ ಸ್ಪರ್ಧೆಯಲ್ಲಿ ನೋಡುಗನ ಸ್ಥಾನ ವಿಶಿಷ್ಟವಾದುದು. ಟೂರ್ ದ ಫ್ರಾನ್ಸ್ ಹುಟ್ಟಿದ್ದೇ 1903ರಲ್ಲಿ, ಲೋಟೊ ಎಂಬ ಪತ್ರಿಕೆ ತನ್ನ ಮಾರಾಟವನ್ನು ಹೆಚ್ಚಿಸಿಕೊಳ್ಳಲು ಹೂಡಿದ ಉಪಾಯವಾಗಿ. ರಸ್ತೆಯ ಅಂಚಿನಲ್ಲಿ ನಿಂತು ನೋಡುವವರಿಗೆ ಇಂದಿಗೂ ಟಿಕೇಟಿಲ್ಲ. ತಂಡಗಳು ತಮ್ಮನ್ನು ಪೋಷಿಸುವ ಕಂಪನಿಗಳ ಹೆಸರನ್ನೇ ಹೊತ್ತು ಓಡುತ್ತವೆ, ಆ ಕಂಪನಿಗಳು ಹಣ ಸುರಿಯುವುದು ನೋಡುಗರ ಕಣ್ಣಿಗಾಗಿ. ಎಂದಮೇಲೆ ‘ನೋಡುವುದಷ್ಟೇ ನನ್ನ ಕೆಲಸ, ನಡೆಯುವುದಕ್ಕೆ ನಾನು ಹೊಣೆಯಲ್ಲ’ ಎಂಬ ಮಾತು ಪೂರ್ಣ ಸತ್ಯವಲ್ಲ. ಅಭಿಮಾನಿಯ ಅನುಮೋದನೆಯೇ ಈ ವ್ಯವಹಾರದ ಮೂಲ ಬಂಡವಾಳ.

ಅವನ ಅಜಾಗರೂಕತೆ ನೇರವಾಗಿ ಹಾನಿಯನ್ನೂ ಮಾಡಬಲ್ಲದು. 2021ರ ಜೂನ್ 26ರಂದು, ಸ್ಪರ್ಧೆಯ ಮೊದಲ ಹಂತದಲ್ಲಿ, ಪ್ರೇಕ್ಷಕಿಯೊಬ್ಬಳು ಅಜ್ಜ ಅಜ್ಜಿಯರಿಗೆ ಶುಭ ಕೋರುವ ಫಲಕವನ್ನು ಕ್ಯಾಮೆರಾಕ್ಕೆ ತೋರಿಸಲು ರಸ್ತೆಯತ್ತ ಚಾಚಿದಳು. ಅದಕ್ಕೆ ತಾಗಿ ಜರ್ಮನಿಯ ಟೋನಿ ಮಾರ್ಟಿನ್ ಉರುಳಿದರು, ಅವರ ಹಿಂದೆ ಹತ್ತಾರು ಸವಾರರು ರಾಶಿಬಿದ್ದರು. ನ್ಯಾಯಾಲಯ ಅವಳಿಗೆ 1,200 ಯೂರೋ ದಂಡ ವಿಧಿಸಿತು. ಅವಳಲ್ಲಿ ದ್ವೇಷವಿರಲಿಲ್ಲ, ಇದ್ದದ್ದು ಪ್ರಮಾದ. ಹಿಂಸೆಯ ಬೇರನ್ನು ಪ್ರಮಾದದಲ್ಲಿ ಕಂಡವರ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆದರೆ ಮನೆಯಲ್ಲಿ ಕುಳಿತವನು ಯಾರನ್ನೂ ಬೀಳಿಸುವುದಿಲ್ಲವಲ್ಲ ಎಂಬ ಆಕ್ಷೇಪವೇಳಬಹುದು. ಇಲ್ಲಿ ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿಚಾರ ಮನನೀಯ. ನಿಷ್ಪ್ರಯೋಜಕ ಪಾಪವಾದ ಅನರ್ಥದಂಡದ ಭೇದಗಳಲ್ಲಿ ಅಪಧ್ಯಾನವೂ ಒಂದು. ಅನ್ಯರ ಜಯ ಪರಾಜಯಗಳು ಹೇಗಾದಾವೆಂದು ಮನಸ್ಸಿನಲ್ಲಿಯೇ ಚಿಂತಿಸುವುದನ್ನು ಅವರು ಅದರಲ್ಲಿ ಸೇರಿಸುತ್ತಾರೆ. ಪ್ರತಿಸ್ಪರ್ಧಿಯ ಚಕ್ರ ಪಂಕ್ಚರ್ ಆಗಲಿ, ಇಳಿಜಾರಿನಲ್ಲಿ ಅವನು ಜಾರಲಿ ಎಂದು ಹಾರೈಸುವವನಿಗೆ ದೊರೆಯುವುದಾದರೂ ಏನು? ಸರಕೂ ಇಲ್ಲದೆ ಲಾಭವೂ ಇಲ್ಲದೆ ಬಡ್ಡಿಯನ್ನು ಮಾತ್ರ ಕಟ್ಟುವ ವ್ಯಾಪಾರವಿದು.

ಹಾಗಾದರೆ ಮೆಚ್ಚುವುದೇ ದೋಷವೆ? ಅಲ್ಲ. ಗುಣಾಧಿಕರನ್ನು ಕಂಡಾಗ ಹುಟ್ಟುವ ಪ್ರಮೋದಭಾವವನ್ನು ಮೈತ್ರಿ, ಕಾರುಣ್ಯ, ಮಾಧ್ಯಸ್ಥ್ಯಗಳ ಸಾಲಿನಲ್ಲಿಯೇ ಹೇಳಲಾಗಿದೆ. ಪ್ರಮೋದ ಒಲಿಯುವುದು ಗುಣಕ್ಕೆ, ರಾಗ ಅಂಟಿಕೊಳ್ಳುವುದು ವ್ಯಕ್ತಿಗೆ. ಎರಡೂ ಹೊರಗೆ ಒಂದೇ ಚಪ್ಪಾಳೆಯಾಗಿ ಕೇಳಿಸುವುದರಿಂದ ವಿವೇಚನೆ ಕಷ್ಟ.

ಲಾನ್ಸ್ ಆರ್ಮ್‌ಸ್ಟ್ರಾಂಗರ ಪ್ರಕರಣ ಈ ಭೇದವನ್ನು ತೋರಿಸಿಕೊಟ್ಟಿತು. ಕ್ಯಾನ್ಸರನ್ನು ಜಯಿಸಿ ಬಂದ ಅವರು 1999ರಿಂದ 2005ರವರೆಗೆ ಏಳು ಬಾರಿ ಟೂರ್ ಗೆದ್ದರು. ನಿಷಿದ್ಧ ಮದ್ದುಗಳ ಸೇವನೆ ಸಿದ್ಧವಾಗಿ 2012ರಲ್ಲಿ ಆ ಏಳೂ ಪ್ರಶಸ್ತಿಗಳು ರದ್ದಾದವು. 2013ರ ಜನವರಿಯಲ್ಲಿ ಅವರೇ ತಪ್ಪೊಪ್ಪಿಕೊಂಡರು. ಅರಿಯದೆ ಅವರ ಧೈರ್ಯವನ್ನು ಮೆಚ್ಚಿದವರು ವಂಚನೆಯ ಪಾಲುದಾರರಲ್ಲ. ಅವರು ಮೆಚ್ಚಿದ್ದು ಗುಣವನ್ನು, ಆ ಗುಣ ಇಂದಿಗೂ ಮೆಚ್ಚತಕ್ಕದ್ದೇ. ಆದರೆ ಮೂರು ಬಾರಿ ಟೂರ್ ಗೆದ್ದಿದ್ದ ಗ್ರೆಗ್ ಲೆಮಾಂಡ್ 2001ರಲ್ಲಿಯೇ ಸಂಶಯ ವ್ಯಕ್ತಪಡಿಸಿದಾಗ, ವಿಚಾರಿಸದೆ ಅವರನ್ನು ಅಸೂಯಾಪರರೆಂದು ಹಳಿದ ಅಭಿಮಾನಿಗಳ ವಿಷಯ ಬೇರೆ. ಅವರು ಸತ್ಯಕ್ಕಿಂತ ವ್ಯಕ್ತಿಯನ್ನು ದೊಡ್ಡದಾಗಿಸಿದರು, ಆದುದರಿಂದ ಅಸತ್ಯಕ್ಕೆ ಅವರ ಅನುಮೋದನೆಯೂ ಸಂದಿತು.

ಪಕ್ಷಪಾತವಿಲ್ಲದೆ ಆಟದಲ್ಲಿ ಸ್ವಾರಸ್ಯವೇನು ಎಂದು ಕೇಳುವವರಿಗೆ ಸವಾರರೇ ಉತ್ತರ ಕೊಟ್ಟಿದ್ದಾರೆ. 2022ರ ಜುಲೈ 21ರಂದು ಪಿರೆನೀಸ್ ಪರ್ವತದ ಇಳಿಜಾರಿನಲ್ಲಿ ಸ್ಲೊವೇನಿಯದ ತಾಡೆಯ್ ಪೊಗಾಚಾರ್ ಬಿದ್ದಾಗ, ಹಳದಿ ಅಂಗಿ ತೊಟ್ಟು ಮುಂದಿದ್ದ ಡೆನ್ಮಾರ್ಕಿನ ಯೋನಾಸ್ ವಿಂಗೆಗೋರ್ ವೇಗ ತಗ್ಗಿಸಿ ಕಾದರು. ಎದ್ದು ಬಂದ ಪೊಗಾಚಾರ್ ಕೈಚಾಚಿ ಹಸ್ತಲಾಘವ ಮಾಡಿದರು. ಅನಂತರ ಇಬ್ಬರೂ ಪೂರ್ಣಬಲದಿಂದ ಸೆಣಸಿದರು, ವಿಂಗೆಗೋರ್ ಗೆದ್ದರು. ಸ್ಪರ್ಧೆಯ ಬಿಸಿ ಆರಲಿಲ್ಲ, ವೈರ ಮಾತ್ರ ಹುಟ್ಟಲಿಲ್ಲ. ಕಣದಲ್ಲಿದ್ದವನೇ ಎದುರಾಳಿಯ ಪತನದಿಂದ ಲಾಭ ಬಯಸದಿರುವಾಗ, ಸಾವಿರಾರು ಮೈಲು ದೂರದಲ್ಲಿ ಕುಳಿತವನು ಅದನ್ನು ಬಯಸುವುದು ವಿಪರ್ಯಾಸವೇ ಸರಿ.

ಪ್ರಮೋದಭಾವವಿದ್ದ ಕಣ್ಣಿಗೆ ವಿಜೇತನ ಹಿಂದಿರುವವರೂ ಕಾಣುತ್ತಾರೆ. ಸೈಕಲ್ ಸವಾರನಿಗೆ ದೊಡ್ಡ ಎದುರಾಳಿ ಗಾಳಿ. ತಂಡದ ಸಹಾಯಕ ಸವಾರರು ಮುಂದೆ ನಿಂತು ಗಾಳಿಯನ್ನು ಸೀಳುತ್ತಾರೆ, ನಾಯಕ ಅವರ ಮರೆಯಲ್ಲಿ ಶಕ್ತಿಯನ್ನು ಉಳಿಸಿಕೊಳ್ಳುತ್ತಾನೆ. ನೀರಿನ ಬಾಟಲಿ ತಂದುಕೊಡುವವರೂ ಅವರೇ, ಅವಶ್ಯವಾದರೆ ತಮ್ಮ ಚಕ್ರವನ್ನೇ ಬಿಚ್ಚಿಕೊಡುವವರೂ ಅವರೇ. ವಿಜೇತರ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ. ಜಯವನ್ನು ಮಾತ್ರ ಹಿಂಬಾಲಿಸುವವನಿಗೆ ಅವರು ಕಾಣಿಸುವುದೂ ಇಲ್ಲ.

ಆದಕಾರಣ ಹಿರಿಯರು ಮನೆಯ ತರುಣನನ್ನು ತೆರೆಯ ಮುಂದಿನಿಂದ ಎಬ್ಬಿಸುವ ಮುನ್ನ ಒಂದು ಮಾತು ಕೇಳುವುದು ಒಳಿತು: ಎದುರಾಳಿ ಬಿದ್ದ ಕ್ಷಣದಲ್ಲಿ ನಿನ್ನ ಮನಸ್ಸು ಮೊದಲು ಎತ್ತ ಹೊರಳಿತು? ಅದನ್ನು ಅವನು ಯಾರಿಗೂ ಹೇಳಬೇಕಾಗಿಲ್ಲ. ದಿನದ ಪ್ರತಿಕ್ರಮಣಕ್ಕೆ ಕುಳಿತಾಗ, ವ್ಯವಹಾರದ ಉಳಿದ ಲೆಕ್ಕಗಳೊಡನೆ ಅದನ್ನೂ ಒಮ್ಮೆ ತಾಳೆ ನೋಡಿದರೆ ಸಾಕು.